ಗಟ್ಟಿ ಐಸು, ಹಳಸಿದ ಊಟ

ಐಸು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಊಟ ಮಾತ್ರ ಹಳಸಿತ್ತು. ಇದು ಹೇಗೆ ಸಾಧ್ಯ ಎನ್ನುವುದೇ ಸ್ಟೋರ್‌ಕೀಪರನ ತಲೆ ತಿನ್ನುತ್ತಿದ್ದ ಪ್ರಶ್ನೆ.

ಒಂದನೇ ಕ್ಲಾಸಿನ ಮಗಳು ಪುಟ್ಟಿಯ ಊಟದ ಡಬ್ಬಿಗೆಂದು ಅವನು ಒಂದು ಬ್ಯಾಗ್ ತಂದಿದ್ದ. ಒಳಗೆಲ್ಲ ಬೆಳ್ಳಿ ಬಣ್ಣದ ಹಾಳೆ ಹೊಲಿದದ್ದು, ಜಿಪ್ ಎಳೆದರೆ ಒಳಗಿನ ತಂಪು ಒಳಗೇ ಉಳಿಯುವಂಥದ್ದು. ದಿನಾ ಬೆಳಿಗ್ಗೆ ಡಬ್ಬಿಯ ಪಕ್ಕಕ್ಕೆ ನೀಲಿ ಪ್ಲಾಸ್ಟಿಕ್ಕಿನ ಐಸ್ ಪ್ಯಾಕ್ ಒಂದನ್ನು ಇಟ್ಟು ಕಳಿಸುತ್ತಿದ್ದ. ಸಂಜೆ ನಾಲ್ಕಕ್ಕೆ ಮಗು ಬಂದಾಗ ಆ ಐಸು ಗಟ್ಟಿಯಾಗಿಯೇ ಇರುತ್ತಿತ್ತು. ಆದರೂ ಮೊಟ್ಟೆಯೋ ಮೊಸರೋ ಇಟ್ಟ ದಿನ ಶಾಲೆಯ ಡೈರಿಯಲ್ಲಿ ಊಟ ಹಳಸಿದೆ ಎಂದು ಕೆಂಪು ಇಂಕಿನ ಚೀಟಿ ಬರುತ್ತಿತ್ತು. ಮೊದಲನೆಯದು ಹೋದ ವಾರ ಬಂತು. ಎರಡನೆಯದು ನಿನ್ನೆ ಬಂತು, ಅದರ ಕೆಳಗೆ ಹೆಡ್ ಮಿಸ್ ತಾವೇ ಎರಡು ಸಾಲು ಸೇರಿಸಿದ್ದರು: "ಮೂರನೇ ಸಲ ಹೀಗಾದರೆ ಡಬ್ಬಿ ತರುವಂತಿಲ್ಲ. ಮನೆಯವರು ಯಾರಾದರೂ ದಿನಾ ಹನ್ನೆರಡೂವರೆಗೆ ಬಂದು ಬಿಸಿ ಊಟ ಕೊಟ್ಟು ಹೋಗಬೇಕು."

ಮನೆಯವರು ಅಂದರೆ ಯಾರು? ಇದ್ದದ್ದೇ ಮೂರು ಜನ, ಅದರಲ್ಲಿ ಒಬ್ಬಳು ಊಟ ಮಾಡಬೇಕಾದವಳು. ಹೆಂಡತಿ ಸಿಟಿ ಬಸ್ಸು ಓಡಿಸುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಇನ್ನೊಂದು ತಿಂಗಳು ಒಂದು ದಿನವೂ ತಪ್ಪಿಸದೆ ಓಡಿಸಿದರೆ ಕೆಲಸ ಕಾಯಂ. ಹನ್ನೆರಡೂವರೆಗೆ ಬಸ್ಸನ್ನು ರಸ್ತೆ ಮಧ್ಯೆ ನಿಲ್ಲಿಸಿ ಅನ್ನ ಕಲಸೋಕೆ ಅವಳು ಬರುವಂತಿರಲಿಲ್ಲ. "ನೀನು ಧೈರ್ಯವಾಗಿ ಕೆಲಸಕ್ಕೆ ಸೇರು, ಡಬ್ಬಿ ಜವಾಬ್ದಾರಿ ನಂದು" ಎಂದು ಎದೆ ತಟ್ಟಿಕೊಂಡು ಹೇಳಿದವನು ಇವನೇ.

ಅವಮಾನ ಇನ್ನೊಂದಿತ್ತು. ಅವನ ಕೆಲಸವೇ ತಣ್ಣಗಿಡುವುದು! ಊರಾಚೆಯ ಕೋಲ್ಡ್ ಸ್ಟೋರೇಜಿನ ನಾಲ್ಕು ಕೋಣೆಗಳು ಹದಿನಾಲ್ಕು ವರ್ಷದಿಂದ ಅವನ ಸುಪರ್ದಿಯಲ್ಲಿದ್ದವು. ಗಂಟೆಗೊಮ್ಮೆ ಕೋಣೆಕೋಣೆಯ ಗೋಡೆ ನೋಡಿ ಡಿಗ್ರಿ ಬರೆದುಕೊಳ್ಳುವ ಅವನನ್ನು ಜೊತೆಯವರು "ಥರ್ಮಾಮೀಟರ್" ಎಂದೇ ಕರೆಯುತ್ತಿದ್ದರು. ಬಾಗಿಲುಗಳ ಮೇಲೆ "ಟಕ್ ಎನ್ನುವವರೆಗೆ ಒತ್ತಿ" ಎಂದು ದಪ್ಪಕ್ಷರದಲ್ಲಿ ಬರೆಸಿದ್ದವನೂ ಅವನೇ. ಇಷ್ಟು ವರ್ಷದ ಅನುಭವದಲ್ಲಿ ಅವನು ಕಲಿತದ್ದು ಒಂದೇ. ಸರಕು ತಾನಾಗಿ ಕೆಡುವುದಿಲ್ಲ, ಯಾರೋ ಬಾಗಿಲು ತೆಗೆದಿರುತ್ತಾರೆ. ಏನೇ ಕೆಟ್ಟರೂ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಬಾಗಿಲು ಯಾರು ತೆಗೆದಿದ್ದು?"

ನಿನ್ನೆ ಸಂಜೆ ಮಗಳನ್ನೂ ಅದೇ ಧಾಟಿಯಲ್ಲಿ ವಿಚಾರಿಸಿಕೊಂಡಿದ್ದ.

"ಪುಟ್ಟಿ, ನಿನ್ನ ಬ್ಯಾಗನ್ನ ಯಾರಾದ್ರೂ ತೆಗೀತಾರಾ?"

"ಇಲ್ಲಪ್ಪ. ನಾನು ಯಾರಿಗೂ ತೆಗೆಯೋಕೆ ಬಿಡಲ್ಲ."

"ಐಸು?"

"ಐಸು ಗಟ್ಟಿ ಇದೆಯಲ್ಲ, ನೋಡು! ಸ್ಟಾರ್ ಕೊಡು."

ಕೊಡಲೇಬೇಕಾಯಿತು. ಐಸು ಕರಗದೆ ಬಂದರೆ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿಗೆ ಒಂದು ಕೆಂಪು ಸ್ಟಾರ್ ಎಂದು ಎರಡು ವಾರದ ಹಿಂದೆ ಅವನೇ ಒಪ್ಪಂದ ಮಾಡಿಕೊಂಡಿದ್ದ. ಹತ್ತು ಸ್ಟಾರ್ ಆದರೆ ಭಾನುವಾರ ಅಮ್ಮನ ಬಸ್ಸಿನ ಮೊದಲ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಾಟ. ಒಂಬತ್ತು ಸ್ಟಾರ್ ಅಂಟಿಯಾಗಿತ್ತು.

"ಸುಮ್ನೆ ಬ್ರೆಡ್ಡು ಜಾಮು ಇಟ್ಟು ಕಳ್ಸಿ, ಕೆಡೋ ಮಾತೇ ಇರಲ್ಲ" ಎಂದಳು ಹೆಂಡತಿ.

"ಜಾಮ್ ಇಟ್ರೆ ಕಳ್ಳ ಸಿಗಲ್ಲ. ನಾಳೆ ಮೊಟ್ಟೇನೇ ಇಡ್ತೀನಿ" ಎಂದ ಇವನು. ಹೆಂಡತಿ ಅವನನ್ನೊಮ್ಮೆ, ಮೊಟ್ಟೆಯನ್ನೊಮ್ಮೆ ನೋಡಿ ಮಲಗಲು ಹೋದಳು.

ಬೆಳಿಗ್ಗೆ ಆರಕ್ಕೆಲ್ಲ ಅವನು ಸೈಕಲ್ ಏರಿ ಕೋಲ್ಡ್ ಸ್ಟೋರೇಜಿಗೆ ಹೋದ. ಐಸ್‌ಕ್ರೀಮ್ ಇಡುವ ಮೂರನೇ ಕೋಣೆಯ ಮೊಳೆಯಿಂದ ಥರ್ಮಾಮೀಟರನ್ನು ಬಿಚ್ಚಿಕೊಂಡ. ಬೆಂಕಿಪೊಟ್ಟಣದಷ್ಟೇ ದೊಡ್ಡ ಯಂತ್ರ ಅದು, ಆದರೆ ಇಡೀ ದಿನದಲ್ಲಿ ಅತಿ ಹೆಚ್ಚು ಬಿಸಿ ಎಷ್ಟಿತ್ತೆಂದು ನೆನಪಿಟ್ಟುಕೊಂಡು ತೋರಿಸುತ್ತಿತ್ತು. ಡಬ್ಬಿಯ ಜೊತೆ ಇದೂ ಹೋದರೆ ಊಟ ಬಿಸಿಯಾದದ್ದು ತಾನಾಗಿ ಗೊತ್ತಾಗುತ್ತದೆ. ಒಂದು ಕೈಯಲ್ಲಿ ಥರ್ಮಾಮೀಟರ್, ಇನ್ನೊಂದು ಕೈಯಲ್ಲಿ ಇಟ್ಟಿಗೆಯಷ್ಟು ದೊಡ್ಡ ಐಸ್ ಪ್ಯಾಕ್ ಹಿಡಿದು, ಬಾಗಿಲನ್ನು ಹಿಮ್ಮಡಿಯಿಂದ ದೂಡಿ, ಕಳ್ಳನ ಮುಖ ಹೇಗಿರಬಹುದೆಂದು ಯೋಚಿಸುತ್ತ ಮನೆಗೆ ಬಂದ. ಮ್ಯಾನೇಜರಿಗೆ ಫೋನು ಮಾಡಿ "ಹಲ್ಲುನೋವು ಸಾರ್, ಇವತ್ತು ಬರೋಕಾಗಲ್ಲ" ಎಂದ. ಹದಿನಾಲ್ಕು ವರ್ಷದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

ಬೇಯಿಸಿದ ಮೊಟ್ಟೆಯನ್ನು ಬ್ರೆಡ್ಡಿನ ನಡುವೆ ಇಟ್ಟ, ಒಂದು ಪುಟ್ಟ ಕಪ್ಪಿನಲ್ಲಿ ಮೊಸರು ಹಾಕಿದ. ಐಸು ಇಟ್ಟ, ಥರ್ಮಾಮೀಟರನ್ನು ಐಸಿಗೆ ತಾಗಿಸಿ ತಣ್ಣಗಾಗಿಸಿ, ಅದರ ಹಳೆಯ ಲೆಕ್ಕ ಅಳಿಸಿ, ಬ್ಯಾಗಿನ ಒಳಬದಿಯ ಜೇಬಿನಲ್ಲಿ ಅಡಗಿಸಿದ. ಜಿಪ್ಪಿನ ತುದಿಗೆ ಒಂದೆಳೆ ಕಪ್ಪು ನೂಲು ಸುತ್ತಿ ಗಂಟು ಹಾಕಿದ. ಲಾರಿಗೆ ಸೀಲು ಹಾಕಿದ ಹಾಗೆ! ನೂಲು ಕಡಿದಿದ್ದರೆ ಯಾರೋ ಬ್ಯಾಗ್ ತೆಗೆದರೆಂದೇ ಲೆಕ್ಕ.

"ಪುಟ್ಟಿ, ಏನು ನೆನಪಿಟ್ಕೋಬೇಕು?"

"ಐಸು ಕರಗಬಾರದು!" ಪಾಠ ಒಪ್ಪಿಸಿದಳು ಮಗಳು.

"ಕರಗಿದ್ರೆ?"

"ಸ್ಟಾರ್ ಇಲ್ಲ!"

ಶಾಲೆಯ ವ್ಯಾನು ಬರುವವರೆಗೆ ಪುಟ್ಟಿ ಕಾಯುವುದು ಎದುರುಮನೆಯ ಟೈಲರಮ್ಮನ ಜಗಲಿಯಲ್ಲಿ. ಮೊದಲ ಅನುಮಾನ ಅವರ ಮೇಲೆಯೇ. ಕೈ ಹೊಲಿಗೆ ಮಿಷಿನ್ನಿನ ಮೇಲಿದ್ದರೂ ಟೈಲರಮ್ಮನ ಕಣ್ಣು ಬೀದಿಯ ಮೇಲಿರುತ್ತಿತ್ತು. ಯಾರ ಮನೆಯಲ್ಲಿ ಏನು ಬೆಂದಿತು, ಯಾರ ಮನೆಯಲ್ಲಿ ಏನು ಸೀಯಿತು ಎಲ್ಲ ಅವರಿಗೆ ಗೊತ್ತು. ಸ್ಟೋರ್‌ಕೀಪರ್ ಅವರ ಮನೆಯ ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಟೈಲರಮ್ಮ ಬ್ಯಾಗಿನ ಕಡೆ ನೋಡಿದರು. ಬಗ್ಗಿದರು. ಕತ್ತರಿ ಎತ್ತಿಕೊಂಡು ಕಪ್ಪು ನೂಲನ್ನು ಕಚಕ್ಕೆಂದು ಕತ್ತರಿಸಿಯೇ ಬಿಟ್ಟರು.

"ಸಿಕ್ಕಿಬಿದ್ರಿ!" ಎಂದು ಇವನು ಡ್ರಮ್ಮಿನ ಹಿಂದಿನಿಂದ ಜಿಗಿದ.

ಟೈಲರಮ್ಮ "ಅಯ್ಯಯ್ಯೋ!" ಎಂದು ಕಿರುಚಿದ ರಭಸಕ್ಕೆ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳೆಲ್ಲ ಜಗಲಿ ತುಂಬ ಚೆಲ್ಲಿದವು. "ಏನ್ರೀ ಇದು? ಮನೆ ಮುಂದೆ ಬಾಗ್ಲಿದೆ, ಡ್ರಮ್ಮಿನ ಹಿಂದೆ ಏನ್ ಮಾಡ್ತಿದ್ರಿ?"

"ಮೊದಲು ನೀವು ಹೇಳಿ. ಆ ನೂಲು ಯಾಕೆ ಕತ್ತರಿಸಿದ್ರಿ?"

"ನೇತಾಡ್ತಿತ್ತು, ಕತ್ತರಿಸ್ದೆ! ಮೂವತ್ತು ವರ್ಷದಿಂದ ಅದೇ ಕೆಲ್ಸ ನಂದು. ನೂಲು ನೇತಾಡೋದು ಕಂಡ್ರೆ ನನ್ನ ಕೈ ಸುಮ್ನಿರಲ್ಲ. ಈಗ ನಿಮ್ಮ ಅಂಗಿ ತೋಳಲ್ಲೂ ಒಂದು ನೇತಾಡ್ತಿದೆ, ಬನ್ನಿ ಇಲ್ಲಿ."

ಅವರು ಕತ್ತರಿ ಹಿಡಿದು ಬಂದರು, ಇವನು ಹಿಂದೆ ಹಿಂದೆ ಸರಿದ. ಅಷ್ಟರಲ್ಲಿ ವ್ಯಾನು ಬಂದು ಪುಟ್ಟಿಯನ್ನು ಹತ್ತಿಸಿಕೊಂಡು ಹೊರಟೇ ಹೋಯಿತು. "ಪಿನ್ನು ಎಲ್ಲ ಆರಿಸಿಕೊಟ್ಟು ಹೋಗ್ರೀ" ಎಂದು ಟೈಲರಮ್ಮ ಕೂಗುತ್ತಿದ್ದಂತೆ ಅವನು ಬಸ್ ಸ್ಟಾಪಿನ ಕಡೆ ಓಡಿದ. ಎದುರಿಗೆ ಸಿಕ್ಕ ಮೊದಲ ಬಸ್ಸು ಹತ್ತಿ, ಕಂಬಿ ಹಿಡಿದು, ಏದುಸಿರು ಬಿಡುತ್ತ ತಲೆ ಎತ್ತಿದ. ಡ್ರೈವರಿನ ಕನ್ನಡಿಯಲ್ಲಿ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಆ ಕಣ್ಣುಗಳ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು.

"ರೀ! ಡ್ಯೂಟಿಗೆ ಹೋಗಿಲ್ವಾ?"

"ಹಲ್ಲುನೋವು" ಎಂದು ಕೆನ್ನೆ ಹಿಡಿದುಕೊಂಡ.

"ಬೆಳಿಗ್ಗೆ ನಾಲ್ಕು ಬ್ರೆಡ್ ತಿಂದಾಗ ಇರಲಿಲ್ಲ?"

ಬಸ್ಸಿನವರಿಗೆ ಇಷ್ಟು ಸಾಕಾಯಿತು. ಒಬ್ಬರು ಉಪ್ಪುನೀರು ಮುಕ್ಕಳಿಸಿ ಅಂದರು. ಇನ್ನೊಬ್ಬರು ಕೀಳಿಸಿಬಿಡಿ ಅಂದರು. ಮುಂದಿನ ಸೀಟಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಬಾಯಿ ತೆಗಿಯಪ್ಪ, ಯಾವ ಹಲ್ಲು ನೋಡೋಣ" ಎಂದರು. ಅವನು ಬಾಯಿ ತೆಗೆದು ನಿಂತಿದ್ದಾಗಲೇ ಸಿಗ್ನಲ್ಲಿನಲ್ಲಿ ಶಾಲೆಯ ವ್ಯಾನು ಬಸ್ಸಿನ ಪಕ್ಕಕ್ಕೇ ಬಂದು ನಿಂತಿತು. ನೋಡುತ್ತಾನೆ, ವ್ಯಾನ್ ಡ್ರೈವರ್ ಹಿಂದಕ್ಕೆ ಕೈ ಚಾಚಿ, ಪುಟ್ಟಿಯ ಬ್ಯಾಗನ್ನು ಎತ್ತಿ, ತನ್ನ ಕಾಲ ಬಳಿ ಎಲ್ಲೋ ಇಟ್ಟುಕೊಂಡ!

"ಆಆ! ಇಂಜಿನ್ನಿನ ಪಕ್ಕ! ನಿಲ್ಸು, ಬಸ್ ನಿಲ್ಸು!"

"ಸ್ಟಾಪ್ ಬಂದಾಗ ನಿಲ್ಸ್ತೀನಿ" ಎಂದಳು ಹೆಂಡತಿ ಗೇರು ಬದಲಿಸುತ್ತ. "ಗಂಡ ಕೇಳ್ದ ಅಂತ ನಡುರಸ್ತೇಲಿ ನಿಲ್ಸಿದ್ರೆ ಇವತ್ತೇ ಮನೆಗೆ ಕಳಿಸ್ತಾರೆ ನನ್ನ."

ಸ್ಟಾಪು ಶಾಲೆಯಿಂದ ಅರ್ಧ ಮೈಲಿ ಮುಂದಿತ್ತು. ಅಲ್ಲಿಳಿದು ವಾಪಸು ಓಡಿಬರುವಷ್ಟರಲ್ಲಿ ಮಕ್ಕಳೆಲ್ಲ ಒಳಗೆ ಹೋಗಿಯಾಗಿತ್ತು. ವ್ಯಾನ್ ಡ್ರೈವರ್ ಗೇಟಿನ ಬಳಿ ಗಾಜು ಒರೆಸುತ್ತಿದ್ದ.

"ಊಟದ ಬ್ಯಾಗನ್ನ ಇಂಜಿನ್ ಹತ್ರ ಯಾಕಯ್ಯ ಇಟ್ಟೆ?"

ಡ್ರೈವರ್ ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡ. "ಇಂಜಿನ್ ಹಿಂದಿದೆ ಸಾರ್ ಈ ಗಾಡೀಲಿ. ನಿಮ್ಮ ಮಗಳೇ ದಿನಾ ಪ್ರಾಣ ತಿಂತಾಳೆ, 'ಅಂಕಲ್, ಬಿಸಿಲು ಬೀಳ್ತಿದೆ, ನನ್ನ ಬ್ಯಾಗ್ ನೆರಳಿಗಿಡಿ' ಅಂತ. ಪಾಪ ಮಗು ಅಂತ ಮಾಡಿದ್ದಕ್ಕೆ ಇದಾ ಮರ್ಯಾದೆ? ನಾಳೆಯಿಂದ ನೀವೇ ಕರ್ಕೊಂಡು ಬನ್ನಿ ನಿಮ್ಮ ಮಗಳನ್ನ!"

ಇವನಿಗೆ ಕೊಂಚ ನಾಚಿಕೆಯಾಯಿತು. ಹೆಚ್ಚು ಹೊತ್ತು ಉಳಿಯಲಿಲ್ಲ. ಟೈಲರಮ್ಮ ಅಲ್ಲ, ಡ್ರೈವರ್ ಅಲ್ಲ ಎಂದಾದರೆ ಕಳ್ಳರು ಶಾಲೆಯ ಒಳಗೇ ಇರಬೇಕಲ್ಲ!

ಹಿಂಬದಿಯ ಗೋಡೆ ಮೊಣಕಾಲೆತ್ತರ ಮಾತ್ರ ಇತ್ತು. ಅದನ್ನು ದಾಟಿ ಒಂದನೇ ಕ್ಲಾಸಿನ ಕಿಟಕಿಯ ಕೆಳಗೆ ಹೂವಿನ ಕುಂಡಗಳ ನಡುವೆ ಕೂತ. ಅಲ್ಲಿಂದ ಮೂಲೆಯ ಆಚೆಗೆ ವರಾಂಡ ಕಾಣುತ್ತಿತ್ತು, ಊಟದ ಬ್ಯಾಗುಗಳು ಅಲ್ಲಿ ಸಾಲಾಗಿ ಹಲಗೆಯ ಮೇಲಿದ್ದವು. ಪುಟ್ಟಿಯದು ಕೊನೆಯದು. ಬಿಸಿಲು ನೆತ್ತಿ ಸುಡತೊಡಗಿತು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದವು. ಎಲ್ಲಿಂದಲೋ ಒಂದು ಥರ ವಾಸನೆ ಬೇರೆ ಬರತೊಡಗಿತು. ಚರಂಡಿ ಕಟ್ಟಿಕೊಂಡಿರಬೇಕು, ಚೀಟಿ ಬರೆಯುವ ಮೊದಲು ಇವರು ತಮ್ಮ ಚರಂಡಿ ನೋಡಿಕೊಳ್ಳಬಾರದೇ ಎಂದು ಅವನು ಮೂಗು ಮುಚ್ಚಿಕೊಂಡ.

ಹನ್ನೆರಡಕ್ಕೆ ಆಯಾ ಬಂದಳು. ಆ ಕಡೆ ಈ ಕಡೆ ನೋಡಿದಳು. ಸಾಲಿನಲ್ಲಿದ್ದ ಇಪ್ಪತ್ತು ಬ್ಯಾಗುಗಳನ್ನು ಬಿಟ್ಟು ಪುಟ್ಟಿಯದೊಂದನ್ನೇ ಎತ್ತಿಕೊಂಡು ನೀರಿನ ಕೊಳಾಯಿಯ ಹಿಂದಿನ ಕತ್ತಲೆ ಮೂಲೆಗೆ ನಡೆದಳು.

"ನಿಂತ್ಕೊ!" ಎಂದು ಇವನು ಎದ್ದ. ಎದ್ದ ರಭಸಕ್ಕೆ ಒಂದು ಕುಂಡ ಉರುಳಿತು, ಇನ್ನೊಂದು ಅದರ ಮೇಲೆ ಬಿತ್ತು.

ಆಯಾ ನಿಲ್ಲಲಿಲ್ಲ. ಸೀದಾ ಇವನ ಕಡೆಗೇ ಬಂದು ಅಂಗಿಯ ಕಾಲರ್ ಹಿಡಿದಳು. "ಯಾರ್ರೀ ನೀವು? ಮಕ್ಕಳ ಕ್ಲಾಸಿನ ಕಿಟಕಿ ಕೆಳಗೆ ಏನ್ ಕೆಲ್ಸ ನಿಮ್ಗೆ? ಬೆಳಿಗ್ಗೆಯಿಂದ ಕುಂಡದ ಮಧ್ಯೆ ಒಂದು ತಲೆ ಕಾಣ್ತಿತ್ತು, ಏನೋ ಗಿಡ ಅನ್ಕೊಂಡಿದ್ದೆ. ನಡೀರಿ ಆಫೀಸಿಗೆ!"

"ನಾನೇ ನಿನ್ನನ್ನ ಆಫೀಸಿಗೆ ಕರ್ಕೊಂಡು ಹೋಗ್ತೀನಿ, ನಡಿ!"

ಹೀಗೆ ಒಬ್ಬರನ್ನೊಬ್ಬರು ಎಳೆದುಕೊಂಡು ಇಬ್ಬರೂ ಹೆಡ್ ಮಿಸ್ ಕೋಣೆಗೆ ಹೋದರು. ಅಲ್ಲಿ ವ್ಯಾನ್ ಡ್ರೈವರ್ ಆಗಲೇ ದೂರು ಹೇಳುತ್ತ ನಿಂತಿದ್ದ. ಇವನನ್ನು ಕಂಡು, "ಇವ್ರೇ ಮೇಡಂ" ಎಂದ.

ಹೆಡ್ ಮಿಸ್ ಕನ್ನಡಕದ ಮೇಲಿನಿಂದ ನೋಡಿದರು. "ಕೂತ್ಕೊಳ್ಳಿ ಸಾರ್. ನಿಮ್ಮ ಅನುಮಾನ ಏನು?"

"ಅನುಮಾನ ಅಲ್ಲ ಮೇಡಂ, ಸಾಕ್ಷಿ ಇದೆ." ಅವನು ಬ್ಯಾಗನ್ನು ಆಯಾಳ ಕೈಯಿಂದ ಕಿತ್ತು ಮೇಜಿನ ಮೇಲಿಟ್ಟ. "ಇದ್ರೊಳಗೆ ನಾನು ಗುಟ್ಟಾಗಿ ಥರ್ಮಾಮೀಟರ್ ಇಟ್ಟಿದ್ದೀನಿ. ಊಟ ಎಷ್ಟು ಬಿಸಿ ಆಗಿತ್ತು ಅನ್ನೋದು ಎಲ್ಲರ ಮುಂದೆ ಗೊತ್ತಾಗಿಬಿಡಲಿ!"

ಜಿಪ್ಪನ್ನು ಒಂದಿಷ್ಟೇ ಸರಿಸಿ ಒಳಜೇಬಿನಿಂದ ಥರ್ಮಾಮೀಟರ್ ತೆಗೆದು ನೋಡಿದ. ಅತಿ ಹೆಚ್ಚು ಬಿಸಿ, ಆರು ಡಿಗ್ರಿ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಆರೇ!

"ಆರು ಡಿಗ್ರಿ ಅಂದ್ರೆ ತಣ್ಣಗಿದೆ ಅಂತ ತಾನೆ?" ಎಂದರು ಹೆಡ್ ಮಿಸ್. "ಹಾಗಾದ್ರೆ ಊಟ ಚೆನ್ನಾಗೇ ಇರಬೇಕಲ್ಲ. ಡಬ್ಬಿ ತೆಗೀರಿ."

ಅವನು ಜಿಪ್ ಪೂರ್ತಿ ಎಳೆದ. ಒಳಗೆ ಇಟ್ಟಿಗೆಯಷ್ಟು ದೊಡ್ಡ ಐಸ್ ಪ್ಯಾಕ್ ಪುಟ್ಟಿಯ ಕೈವಸ್ತ್ರ ಹೊದ್ದುಕೊಂಡು ಹಾಯಾಗಿ ಮಲಗಿತ್ತು. ಅದೊಂದನ್ನು ಬಿಟ್ಟರೆ ಬ್ಯಾಗಿನಲ್ಲಿ ಏನೂ ಇರಲಿಲ್ಲ.

"ಡಬ್ಬೀನೇ ಇಲ್ಲ!" ಅವನು ಕುರ್ಚಿಯಿಂದ ಎದ್ದು ಆಯಾಳ ಕಡೆ ಬೆರಳು ತೋರಿಸಿದ. "ಡಬ್ಬಿ ಸಮೇತ ನುಂಗಿದ್ದೀಯಲ್ಲಮ್ಮ!"

"ನಿಮ್ಮ ಡಬ್ಬಿ ಯಾರಿಗ್ರೀ ಬೇಕು? 'ಆಯಮ್ಮ, ಬ್ಯಾಗನ್ನ ತಂಪಲ್ಲಿ ಇಡಿ' ಅಂತ ಮಗು ದಿನಾ ಕೈ ಹಿಡ್ಕೊಂಡು ಕೇಳುತ್ತೆ. ಬಿಸಿಲು ತಿರುಗಿದ ತಕ್ಷಣ ಕೊಳಾಯಿ ಹಿಂದೆ ಇಡ್ತೀನಿ. ಅಷ್ಟೇ ನಾನು ಮಾಡಿದ್ದು!" ಆಯಾಳ ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

"ಮಗೂನ ಕರೀರಿ" ಎಂದರು ಹೆಡ್ ಮಿಸ್.

ಪುಟ್ಟಿ ಬಂದಳು. ಅಪ್ಪನನ್ನು ಕಂಡು ಮುಖ ಅರಳಿತು. ಮೇಜಿನ ಮೇಲೆ ಬಾಯ್ತೆರೆದು ಬಿದ್ದಿದ್ದ ಬ್ಯಾಗನ್ನು ಕಂಡು ಗಾಬರಿಯಾಯಿತು. ಓಡಿಬಂದು ಮೊದಲು ಜಿಪ್ ಎಳೆದಳು. "ಯಾಕಪ್ಪ ತೆಗೆದಿಟ್ಟಿದ್ದೀಯ? ಕರಗಿ ಹೋಗುತ್ತೆ!"

"ಪುಟ್ಟಿ" ಎಂದ ಅವನು ಸಾಧ್ಯವಾದಷ್ಟು ಮೆತ್ತಗೆ, "ನಿನ್ನ ಡಬ್ಬಿ ಯಾರು ತೆಗೆದಿದ್ದು?"

"ನಾನೇ."

"ನೀನಾ! ಎಲ್ಲಿದೆ?"

"ಕಿಟಕಿ ಮೇಲೆ. ದಿನಾ ಅಲ್ಲೇ ಇಡೋದು ನಾನು, ಬಂದ ತಕ್ಷಣ."

ಕಿಟಕಿ ಮೇಲೆ! ಬೆಳಿಗ್ಗೆಯಿಂದ ಮೂಗು ಮುಚ್ಚಿಕೊಂಡು ಕೂತಿದ್ದ ಕಿಟಕಿ ಯಾವುದೆಂದು ಅವನಿಗೆ ನೆನಪಾಯಿತು. ಆಯಾ ಹೋಗಿ ಡಬ್ಬಿ ತಂದಳು. ಮುಚ್ಚಳ ಪೂರ್ತಿ ತೆಗೆಯುವ ಮೊದಲೇ ವ್ಯಾನ್ ಡ್ರೈವರ್ ಬಾಗಿಲಾಚೆ ಹೋಗಿ ನಿಂತ.

"ಅಷ್ಟು ಬಿಸಿಲಲ್ಲಿ ಯಾಕಮ್ಮ ಇಟ್ಟೆ?" ಹೆಡ್ ಮಿಸ್ ಕೇಳಿದರು.

"ಮತ್ತೆ, ಡಬ್ಬಿ ಬೆಚ್ಚಗಿರುತ್ತೆ ಮಿಸ್. ಅದು ತಾಗಿ ತಾಗಿ ಐಸು ಕರಗುತ್ತೆ. ಅಪ್ಪ ಐಸು ಕರಗಬಾರದು ಅಂದಿದ್ದಾರೆ. ಅದಕ್ಕೇ ಊಟ ಆಚೆ ಇಟ್ಟು, ಐಸನ್ನ ಒಳಗಿಟ್ಟು, ಜಿಪ್ ಹಾಕ್ತೀನಿ. ಗಟ್ಟಿ ಇದ್ರೆ ಸ್ಟಾರ್ ಕೊಡ್ತಾರೆ. ಒಂಬತ್ತಾಗಿದೆ!"

ಮೊದಲು ನಕ್ಕದ್ದು ಆಯಾ, ಕಣ್ಣೀರು ಒರೆಸಿಕೊಳ್ಳುತ್ತಲೇ. ಆಮೇಲೆ ಬಾಗಿಲಾಚೆಯಿಂದ ಡ್ರೈವರ್ ನಕ್ಕ. ಹೆಡ್ ಮಿಸ್ ನಗು ತಡೆಯಲು ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಸ್ಟೋರ್‌ಕೀಪರ್ ಮಾತ್ರ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ದಿನಾ ಸಂಜೆ ತಾನು ಐಸನ್ನು ಒತ್ತಿ ಒತ್ತಿ ನೋಡಿದ್ದನೇ ಹೊರತು, ಊಟ ಹೇಗಿತ್ತು ಪುಟ್ಟಿ ಎಂದು ಒಂದು ದಿನವೂ ಕೇಳಿರಲಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು.

ಆಗಲೇ ಜೇಬಿನ ಫೋನು ಹೊಡೆದುಕೊಂಡಿತು. ಮ್ಯಾನೇಜರ್!

"ಹಲ್ಲು ಹೇಗಿದೆ?"

"ಸ್ವಲ್ಪ... ಕಡಿಮೆ ಸಾರ್."

"ಇಲ್ಲಿ ಅನಾಹುತ ಆಗಿದೆ ಮಾರಾಯ್ರೆ! ಮೂರನೇ ಕೋಣೆ ಬಾಗ್ಲು ಬೆಳಿಗ್ಗೆಯಿಂದ ತೆಗೆದೇ ಇದೆ. ಐಸ್‌ಕ್ರೀಮು ಹೊಸ್ತಿಲು ದಾಟಿ ಆಫೀಸಿಗೆ ಬಂದಿದೆ. ನಾನು ಬೂಟು ಕೈಯಲ್ಲಿ ಹಿಡ್ಕೊಂಡು ಮಾತಾಡ್ತಿದ್ದೀನಿ. ಮೊದಲೇ ಗೊತ್ತಾಗ್ತಿತ್ತೇನೋ, ಆದ್ರೆ ಗೋಡೆ ಮೇಲಿನ ಥರ್ಮಾಮೀಟರೇ ಮಾಯ! ಕಳ್ಳ ಅದನ್ನೂ ಹೊತ್ಕೊಂಡು ಹೋಗಿದ್ದಾನೆ. ನೀವು ಇದ್ದಿದ್ರೆ ಹಿಡಿದೇ ಬಿಡ್ತಿದ್ರಿ. ನಿಮ್ಗೆ ಯಾರ ಮೇಲೆ ಅನುಮಾನ? ಬಾಗ್ಲು ಯಾರು ತೆಗೆದಿರಬಹುದು?"

ಮ್ಯಾನೇಜರ್ ದನಿ ದೊಡ್ಡದು, ಕೋಣೆಗೆಲ್ಲ ಕೇಳುತ್ತಿತ್ತು. ಮೂರನೇ ಕೋಣೆಯ ಥರ್ಮಾಮೀಟರ್ ಇನ್ನೂ ಮೇಜಿನ ಮೇಲೇ ಇತ್ತು. ಬೆಳಿಗ್ಗೆ ಹಿಮ್ಮಡಿಯಿಂದ ದೂಡಿದ ಬಾಗಿಲು ಟಕ್ ಎಂದದ್ದು ಅವನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾರ ಹೆಸರು ಹೇಳಿದರೂ ಮ್ಯಾನೇಜರ್ ನಂಬುತ್ತಿದ್ದರು. ಆದರೆ ಎದುರಿಗೆ ಪುಟ್ಟಿ ಬ್ಯಾಗನ್ನು ಎದೆಗವಚಿಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ನಾನೇ ಸಾರ್" ಎಂದ.

ಆಚೆಯಿಂದ ಬಂದ ಮಾತು ಚಿಕ್ಕದು. "ವಿಚಾರಣೆ ಮುಗಿಯೋವರೆಗೆ ನೀವು ಈ ಕಡೆ ಬರೋದು ಬೇಡ. ಹಲ್ಲು ನೋಡ್ಕೊಳ್ಳಿ."

ಹೆಡ್ ಮಿಸ್ ನಗು ನಿಲ್ಲಿಸಿ, ಕೆಂಪು ಪೆನ್ನು ತೆಗೆದು, ಮುಜುಗರದಿಂದ ಹೇಳಿದರು. "ಬೇಜಾರು ಮಾಡ್ಕೋಬೇಡಿ ಸಾರ್. ಮೂರನೇ ಸಲ ಆಗಿದೆ. ಎಲ್ಲ ಮಕ್ಕಳಿಗೂ ಒಂದೇ ರೂಲು. ನಾಳೆಯಿಂದ ಹನ್ನೆರಡೂವರೆಗೆ ಮನೆಯವರು ಯಾರಾದ್ರೂ..."

"ನಾನೇ ಬರ್ತೀನಿ ಮೇಡಂ" ಎಂದ ಅವನು. "ಬಿಡುವಾಗಿದ್ದೀನಿ."

ಆ ಮಧ್ಯಾಹ್ನ ಪುಟ್ಟಿ ಆಯಾಳ ಡಬ್ಬಿಯಲ್ಲಿ ಅರ್ಧ ಊಟ ಮಾಡಿದಳು. ಉಳಿದರ್ಧವನ್ನು ಆಯಾ ಇವನ ಮುಂದೆ ದೂಡಿದಳು. ಬೇಡ ಅನ್ನುವ ಮುಖ ಅವನಿಗಿರಲಿಲ್ಲ, ತಿಂದ.

ಸಂಜೆ ಹೆಂಡತಿ ಬಂದು ಎಲ್ಲ ಕೇಳಿ, ಒಂದಿಷ್ಟು ಬೈದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡಿ. ನನ್ನ ಕೆಲ್ಸಕ್ಕಂತೂ ಇನ್ನು ತೊಂದ್ರೆ ಇಲ್ಲ." ಅದನ್ನು ಸಮಾಧಾನಕ್ಕೆ ಹೇಳಿದಳೋ ಚುಚ್ಚಿ ಹೇಳಿದಳೋ ಎಂದು ಅವನಿಗೆ ಅನುಮಾನ ಬಂತು. ಆದರೆ ಅನುಮಾನ ಪಡುವ ಚಟ ಇವತ್ತಿಗೆ ಸಾಕು ಎಂದು ಸುಮ್ಮನಾದ.

ಅಷ್ಟರಲ್ಲಿ ಪುಟ್ಟಿ ಬ್ಯಾಗ್ ತಂದು ಅವನ ತೊಡೆಯ ಮೇಲಿಟ್ಟಳು. "ಅಪ್ಪ, ನೋಡು."

ಅವನು ಜಿಪ್ ಎಳೆದು ಐಸನ್ನು ಒತ್ತಿ ನೋಡಿದ. ಬೆಳಿಗ್ಗೆ ಇಟ್ಟಾಗ ಹೇಗಿತ್ತೋ ಹಾಗೇ ಇತ್ತು, ಗಟ್ಟಿಗೆ ಗಟ್ಟಿ. ಆ ದಿನ ಅವನ ಸುಪರ್ದಿಯಲ್ಲಿದ್ದ ಸರಕಿನಲ್ಲಿ ಕರಗದೆ ಉಳಿದದ್ದು ಅದೊಂದೇ. ಎದ್ದು ಹೋಗಿ ಹತ್ತನೇ ಸ್ಟಾರ್ ಅಂಟಿಸಿದ.

ಪುಟ್ಟಿ ಕುಣಿದಾಡಿದಳು. ಅರ್ಧ ಕುಣಿದವಳು ಏನೋ ನೆನಪಾಗಿ ಗಕ್ಕನೆ ನಿಂತಳು.

"ಅಪ್ಪ, ನಾಳೆ ಬಿಸಿ ಬಿಸಿ ಊಟ ತರ್ತೀಯಲ್ಲ?"

"ಹೂಂ ಪುಟ್ಟಿ."

"ಐಸು ಇರೋ ಕಡೆ ತರಬೇಡ, ಆಯ್ತಾ? ದೂರ ಹಿಡ್ಕೊಂಡು ಬಾ."